ಎಡಗೈಗೆ ಸಿಗುವ ಕಿಟಕಿಗಳು

ನಮ್ಮೂರಿನಲ್ಲಿ ಹುಣಸೆ ಬಡಿದು ಮುಗಿಯುವ ಹೊತ್ತಿಗೆ ಮೂಕಗಾಲ ಶುರುವಾಗುತ್ತದೆ. ನಾಯಿ ಬೊಗಳುತ್ತದೆ, ಕುಕ್ಕರ್ ಕೂಗುತ್ತದೆ, ಬಾವಿಯ ರಾಟೆ ಕಿರುಗುಟ್ಟುತ್ತದೆ. ಮನುಷ್ಯರ ಬಾಯಿಂದ ಮಾತ್ರ ಸದ್ದು ಹೊರಡುವುದಿಲ್ಲ. ಸೋನೆ ಹಿಡಿಯುವವರೆಗೂ ಹೀಗೆಯೇ. ನಮಗದು ರೂಢಿ. ಸೊಪ್ಪಿನವಳು ಬೀದಿಗೆ ಬಂದರೆ ಹಿತ್ತಾಳೆ ತಟ್ಟೆ ಬಡಿಯುತ್ತಾಳೆ. ಆಟಕ್ಕೆ ಹೋದ ಮಕ್ಕಳನ್ನು ತಾಯಂದಿರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ತಮ್ಮ ತಾಯಿಯ ಚಪ್ಪಾಳೆ ಯಾವುದೆಂದು ಮಕ್ಕಳಿಗೆ ಗೊತ್ತಿರುತ್ತದೆ. ಗಂಡ ಹೆಂಡಿರು ಅಂಗೈ ಮೇಲೆ ಬೆರಳಲ್ಲಿ ಬರೆದು ಮಾತಾಡುತ್ತಾರೆ. ಉಳಿದ ಮಾತೆಲ್ಲ ಕಂಪ್ಯೂಟರಿನಲ್ಲಿ. ಗುಡ್ಡಗಳ ಸಂದಿಯ ಊರಾದ್ದರಿಂದ ಕೈಫೋನು ನಮ್ಮಲ್ಲಿ ಕೆಲಸಕ್ಕೆ ಬಾರದು. ಪುರಸಭೆಯವರು ಮನೆಮನೆಗೆ ತಂತಿ ಎಳೆದು, ಯುನಿಕ್ಸ್ ಜಾತಿಯ ಒಂದು ಸಿಸ್ಟಮ್ ಹಾಕಿದ ಕಂಪ್ಯೂಟರುಗಳನ್ನು ಕೊಟ್ಟಿದ್ದಾರೆ. ಮಾತಿರುವ ತಿಂಗಳುಗಳಲ್ಲಿ ಅವುಗಳಿಗೆ ಬಟ್ಟೆ ಹೊದಿಸಿಡುತ್ತೇವೆ. ನಮ್ಮ ಮನೆಯಲ್ಲಿ ಎರಡಿವೆ, ಪಡಸಾಲೆಯಲ್ಲಿ ನನ್ನದು, ಅಡುಗೆಮನೆಯಲ್ಲಿ ನನ್ನ ಹೆಂಡತಿ ನೀಲಾಂಬಿಕೆಯದು.

ಆ ವರ್ಷ ಮೂಕಗಾಲಕ್ಕಾಗಿ ಊರಿನಲ್ಲಿ ಯಾರಾದರೂ ಹಂಬಲಿಸಿ ಕಾದಿದ್ದರೆ ಅದು ನಾನೊಬ್ಬನೇ ಇರಬೇಕು. ಹಿಂದಿನ ದೀಪಾವಳಿ ವ್ಯಾಪಾರದ ಗದ್ದಲದಲ್ಲಿ, ಜವಳಿ ಅಂಗಡಿಯ ಗಾದಿಯ ಮೇಲೆ ಸೀರೆ ಹರಡುತ್ತಿದ್ದವನು ಲಕ್ವ ಹೊಡೆದು ಬಿದ್ದಿದ್ದೆ. ಬಲಗೈ ಹೋಯಿತು, ಬಲಗಾಲು ಎಳೆಯುವಂತಾಯಿತು, ಮಾತು ಪೂರ್ತಿ ನಿಂತಿತು. "ಮಾತು ಒಳಗಿದೆ, ನಾಲಗೆಗೆ ಬರ್ತಿಲ್ಲ ಅಷ್ಟೆ" ಎಂದರು ಡಾಕ್ಟರು. ಅಲ್ಲಿಂದ ಮುಂದೆ ನನ್ನ ಮಾತನ್ನೆಲ್ಲ ನೀಲಾ ಆಡತೊಡಗಿದಳು.

ಅವಳದು ತಪ್ಪೆಂದು ಹೇಳುತ್ತಿಲ್ಲ. ಬಂದವರು ನನ್ನನ್ನು ಒಂದು ಸಲ ನೋಡಿ, ಪ್ರಶ್ನೆಯನ್ನು ಅವಳಿಗೆ ಕೇಳುತ್ತಿದ್ದರು. ಅವಳು ಉತ್ತರ ಹೇಳಲೇಬೇಕಿತ್ತು. ಚನ್ನವೀರ ಬಂದಾಗಲೂ ಹಾಗೆಯೇ ಆಯಿತು. ಚನ್ನವೀರ ನನಗಿಂತ ಚಿಕ್ಕವನು, ಅಂಗಡಿಯಲ್ಲಿ ವರ್ಷಾನುಗಟ್ಟಲೆ ನನ್ನ ಪಕ್ಕದ ಗಾದಿಯವನು. ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು.

"ಅಣ್ಣ ಹೆಂಗಿದಾರೆ ಅತ್ತಿಗೆ?" ಎಂದ, ನನ್ನ ಎದುರಿಗೇ ಕೂತು.

"ಪರವಾಗಿಲ್ಲ ಕಣಪ್ಪ. ಊಟ ಸೇರುತ್ತೆ. ನಿದ್ದೆನೂ ಬರುತ್ತೆ."

ನಿದ್ದೆ ಬರುತ್ತಿರಲಿಲ್ಲ.

"ಅಂಗಡಿ ನೆನಪು ಮಾಡ್ಕೋತಾರಾ?"

"ಈಗ್ಯಾಕೆ ಅದೆಲ್ಲ? ಇನ್ನು ಅಂಗಡಿ ಸಹವಾಸನೇ ಬೇಡ ಅಂದ್ಬಿಟ್ಟಿದಾರೆ."

ಹಾಗೆ ನಾನು ಅಂದಿರಲಿಲ್ಲ. ಅನ್ನಲು ಬಾಯಿ ಎಲ್ಲಿತ್ತು? ಎಡಗೈಯಲ್ಲಿ ಮೊಣಕಾಲು ತಟ್ಟಿದೆ, ತಲೆ ಅಲ್ಲಾಡಿಸಿದೆ. "ಹೊರಗೆ ಕರ್ಕೊಂಡು ಹೋಗ್ಬೇಕೇನೋ, ಒಂದ್ನಿಮಿಷ" ಎಂದು ನೀಲಾ ಎದ್ದಳು. ಚನ್ನವೀರ ಲೋಟ ಕೆಳಗಿಟ್ಟು ಹೊರಟ. ಹೀಗೆ ತಿಂಗಳುಗಳು ಕಳೆದವು. ಕಾಗದದ ಮೇಲೆ ಎಡಗೈಯಲ್ಲಿ ಬರೆಯಲು ಹೋದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ನನಗೇ ತಿಳಿಯುತ್ತಿರಲಿಲ್ಲ. ಬಟ್ಟೆ ಹೊದಿಸಿದ ಕಂಪ್ಯೂಟರನ್ನು ತೋರಿಸಿದರೆ ನೀಲಾ, "ಈಗ ಯಾರು ಕೂರ್ತಾರೆ ರೀ ಅದರ ಮುಂದೆ? ಎಲ್ಲರಿಗೂ ಬಾಯಿದೆಯಲ್ಲ" ಎನ್ನುತ್ತಿದ್ದಳು. ಎಂದ ಮೇಲೆ ತಾನೇನೆಂದೆ ಎಂದು ಅವಳಿಗೆ ಹೊಳೆಯುತ್ತಿತ್ತು. ಆಗ ಅವಳು ಸೆರಗಿನಿಂದ ಸುಮ್ಮನೆ ಕಿಟಕಿಯ ಸರಳು ಒರೆಸುತ್ತಿದ್ದಳು.

ಮೂಕಗಾಲ ಬಂದರೆ ಎಲ್ಲರೂ ನನ್ನಂತೆಯೇ ಆಗುತ್ತಾರೆ, ಎಲ್ಲರೂ ಬರೆದೇ ಮಾತಾಡಬೇಕು, ಆಗ ನನ್ನ ಮಾತು ನನ್ನದಾಗುತ್ತದೆ ಎಂದು ನಾನು ದಿನ ಎಣಿಸಿದೆ. ಒಂದು ಬೆಳಿಗ್ಗೆ ಬೀದಿಯಲ್ಲಿ ತಟ್ಟೆಯ ಸದ್ದು ಕೇಳಿಸಿತು. ನೀಲಾ ಅಡುಗೆಮನೆಯಿಂದ ಬಂದು, ಬಾಯಿ ತೆರೆದು, ಸದ್ದು ಬಾರದ್ದನ್ನು ಕಂಡು, ನನ್ನ ಕಂಪ್ಯೂಟರಿನ ಬಟ್ಟೆ ತೆಗೆದು ಮಡಿಸಿಟ್ಟಳು. ಅವತ್ತು ನಾನು ಮದುವೆಗೆ ಹೊರಟವನಂತೆ ಹೊಸ ಅಂಗಿ ಹಾಕಿಸಿಕೊಂಡು ಅದರ ಮುಂದೆ ಕೂತೆ.

ಆದರೆ ನಾನು ಅಂದುಕೊಂಡ ಹಾಗೆ ಆಗಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಮಾತಾಡಿಸಲು ಬಂದವರಿಗೆಲ್ಲ ತಲೆಗೊಂದು ವಿಂಡೋ ತೆರೆದುಕೊಳ್ಳುತ್ತದೆ. ಹೊಸದಾಗಿ ಬಂದದ್ದು ಹಳೆಯದರ ಮೇಲೆ ಕೂರುತ್ತದೆ. ಗಿರಾಕಿಯ ಮುಂದೆ ರಾಶಿ ಹಾಕಿದ ಸೀರೆಗಳ ಹಾಗೆ, ಮೇಲಿನದು ಕಾಣುತ್ತದೆ, ಅಡಿಯದನ್ನು ಎಳೆದು ತೆಗೆಯಬೇಕು. ಎರಡು ಕೈ ಇದ್ದಾಗ ಅದು ಕೆಲಸವೇ ಆಗಿರಲಿಲ್ಲ. ಈಗ ಎಡಗೈ ಮೌಸಿಗೆ ಹೋದರೆ ಕೀಬೋರ್ಡ್ ಬಿಡಬೇಕು, ಕೀಬೋರ್ಡಿಗೆ ಬಂದರೆ ಮೌಸ್ ಬಿಡಬೇಕು. ನಾನು ಒಂದೊಂದೇ ಅಕ್ಷರ ಒತ್ತುತ್ತಿರುವಾಗ ಇನ್ನೊಬ್ಬರ ವಿಂಡೋ ಮುಂದೆ ನುಗ್ಗುತ್ತಿತ್ತು. ನಾನು ಒತ್ತಿದ ಅಕ್ಷರಗಳು ಅದರೊಳಗೆ ಬೀಳುತ್ತಿದ್ದವು. ಚನ್ನವೀರನಿಗೆಂದು ಬರೆದ "ನೀನು ಬರದೆ ಬೇಜಾರಾಗಿದೆ" ಎಂಬ ಮಾತು ಹಾಲಿನ ಸರೋಜಮ್ಮನಿಗೆ ಹೋಯಿತು. ಅವಳು ನೀಲಾಗೆ ತಿಳಿಸಿದಳು. ನೀಲಾ ನಗುತ್ತಾ ಬಂದು ನನ್ನ ಭುಜ ತಟ್ಟಿದಳು. ನನಗೆ ನಗು ಬರಲಿಲ್ಲ. ರಾಶಿಯನ್ನೆಲ್ಲ ಸರಿಸಿ ಚನ್ನವೀರನ ವಿಂಡೋ ಹುಡುಕುವ ಹೊತ್ತಿಗೆ ಅದರಲ್ಲಿ ಮೂರು ಸಾಲು ಇದ್ದವು. "ಅಣ್ಣಾ ಇದೀಯಾ?" "ಓದ್ತಾ ಇದೀಯಾ?" "ಸರಿ ಅಣ್ಣ, ನಿನಗೆ ಮನಸ್ಸಿಲ್ಲ ಅಂತ ಕಾಣುತ್ತೆ." ಅವನು ಹೋಗಿಬಿಟ್ಟಿದ್ದ.

ಮರುದಿನ, ಅದರ ಮರುದಿನವೂ ಹೀಗೇ ಆಯಿತು. ಊರಿಗೆ ಊರೇ ಬರೆದು ಮಾತಾಡುವ ಕಾಲದಲ್ಲೂ ನಾನು ಹೊರಗೆ ನಿಂತವನಾದೆ. ಮಾತಿನ ಕಾಲದಲ್ಲಿ ಕನಿಷ್ಠ ಒಂದು ಆಸೆಯಾದರೂ ಇತ್ತು. ಈಗ ಅದೂ ಇರಲಿಲ್ಲ. ಬಂದ ವಿಂಡೋಗಳು ಒಂದರ ಮೇಲೊಂದು ಬೀಳುವುದನ್ನು ನೋಡುತ್ತಾ ಕೂರುತ್ತಿದ್ದೆ. ಬರುಬರುತ್ತಾ ಅವೂ ಕಡಿಮೆಯಾದವು.

ಪುರಸಭೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾಗವೇಣಿ. ಕೆರೆಯ ಆಚೆ ಒಬ್ಬಳೇ ಇರುತ್ತಾಳೆ. ಮೂಕಗಾಲದಲ್ಲಿ ಯಾರು ಏನು ಕೇಳಿದರೂ ಉತ್ತರಿಸುವುದು ಅವಳ ಕೆಲಸ. ಒಂದು ಮಧ್ಯಾಹ್ನ, ಬೇರೆ ಯಾರೂ ಇಲ್ಲದಾಗ, ನನ್ನ ಕಷ್ಟವನ್ನೆಲ್ಲ ಅವಳಿಗೆ ಬರೆದೆ. ಬರೆದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು. ಕಾಯುತ್ತಿದ್ದೇನೆ ಎಂದು ತೋರಿಸಲು ಆಗಾಗ ಒಂದು ಚುಕ್ಕಿ ಒತ್ತುತ್ತಿದ್ದಳು.

"ಬಲಗೈ ಇಲ್ಲದೆ ಈ ವಿಂಡೋ ಮ್ಯಾನೇಜರ್ ನಿಮಗೆ ಆಗಲ್ಲ," ಎಂದು ಬರೆದಳು. "ಬದಲಾಯಿಸಿ."

"ಕಂಪ್ಯೂಟರನ್ನೇ?"

"ಅಲ್ಲ. ವಿಂಡೋ ಮ್ಯಾನೇಜರ್ ಅಂದ್ರೆ ಯಾವ ವಿಂಡೋ ಎಲ್ಲಿ ಕೂರಬೇಕು ಅಂತ ಹೇಳೋ ಒಂದು ಪ್ರೋಗ್ರಾಂ. ಅದೊಂದನ್ನ ತೆಗೆದು ಇನ್ನೊಂದು ಹಾಕಬಹುದು. ಉಳಿದದ್ದೆಲ್ಲ ಹಾಗೇ ಇರುತ್ತೆ."

"ಪುರಸಭೆ ಕೊಟ್ಟದ್ದನ್ನ ಬದಲಾಯಿಸಬಹುದಾ?"

"ಅದು ಡಿಫಾಲ್ಟ್ ಅಷ್ಟೆ. ಏನೂ ಹೇಳದವರಿಗೆ ಅಂತ ಇಟ್ಟದ್ದು. ಅದೇ ಇರಬೇಕು ಅಂತ ಯಾರೂ ಹೇಳಿಲ್ಲ."

ಇಷ್ಟು ವರ್ಷ ಆ ಕಿಟಕಿಗಳು ಕೂರುವ ರೀತಿಯನ್ನೇ ನಾನು ಕಂಪ್ಯೂಟರ್ ಎಂದುಕೊಂಡಿದ್ದೆ. ಯಾವುದೂ ಯಾವುದರ ಮೇಲೂ ಬೀಳದ, ಎಲ್ಲವೂ ಪಕ್ಕಪಕ್ಕಕ್ಕೆ ಜಾಗ ಹಂಚಿಕೊಳ್ಳುವ ಇನ್ನೊಂದು ಬಗೆಯದು ಇದೆಯಂತೆ. ಮೌಸೇ ಬೇಡವಂತೆ. ಅದರ ಕೀಲಿಗಳನ್ನೆಲ್ಲ ಎಡಗೈ ಬೆರಳಿಗೆ ಸಿಗುವಂತೆ ತಾನೇ ಹೊಂದಿಸಿ ಕಳಿಸುತ್ತೇನೆ ಎಂದಳು.

ವಿಷಯವನ್ನು ನೀಲಾಗೆ ಬರೆದೆ. ಅವಳು ಅಡುಗೆಮನೆಯಿಂದ ಉತ್ತರ ಕಳಿಸಿದಳು. "ಇರೋದನ್ನ ಯಾಕೆ ಕೆಡಿಸ್ತೀರಿ? ಕೆಟ್ಟು ಕೂತ್ರೆ ಆಮೇಲೆ ಏನ್ ಮಾಡೋದು? ಯಾರಿಗೆ ಏನು ಹೇಳಬೇಕೋ ನನಗೆ ಹೇಳಿ. ನಾನು ಬರೀತೀನಿ."

"ನೀನು ಬರೆದ್ರೆ ಅದು ನಿನ್ನ ಮಾತು," ಎಂದು ಬರೆದೆ. "ನನಗೆ ನನ್ನ ಮಾತು ಬೇಕು. ನಿನ್ನದು ಬೇಡ."

ಕೊನೆಯ ಎರಡು ಪದ ಬರೆಯಬಾರದಿತ್ತು. ಬಾಯಲ್ಲಿ ಆಡಿದ್ದರೆ ದನಿ ತಗ್ಗಿಸಬಹುದಿತ್ತು. ಬರೆದ ಮಾತಿಗೆ ದನಿ ಇಲ್ಲ. ಅಂದಿನಿಂದ ಅವಳ ವಿಂಡೋ ನನ್ನ ಕಡೆ ತೆರೆಯಲಿಲ್ಲ. ಊಟ ಬಡಿಸಿ, ಬಾಯಿ ಒರೆಸಿ, ಹೋಗುತ್ತಿದ್ದಳು.

ನಾಗವೇಣಿ ಹೇಳಿದಂತೆ, ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಟರ್ಮಿನಲ್ ತೆರೆದು, ಅವಳು ಕೊಟ್ಟ ಸಾಲನ್ನು ಹೊಡೆದೆ. ಹೊಸ ಮ್ಯಾನೇಜರ್ ಕಂಪ್ಯೂಟರಿನೊಳಗೆ ಬಂದು ಕೂತಿತು. ಇನ್ನು ಉಳಿದದ್ದು ಒಂದೇ. ನಾವು ಒಳಗೆ ಹೋಗುವಾಗ ಕಂಪ್ಯೂಟರ್ ಓದಿಕೊಳ್ಳುವ ಒಂದು ಫೈಲ್ ಇದೆ. ಅದರ ಕೊನೆಯ ಸಾಲಿನಲ್ಲಿ ಯಾವ ಮ್ಯಾನೇಜರಿನ ಹೆಸರಿರುತ್ತದೋ ಅದು ಎದ್ದು ಬರುತ್ತದೆ. ಹಳೆಯ ಹೆಸರು ಅಳಿಸಿ ಹೊಸದನ್ನು ಬರೆದೆ. ಲಾಗೌಟ್ ಆಗಿ, ಮತ್ತೆ ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟೆ. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಹೆಸರು ಕೇಳಿತು. ಮತ್ತೆ ಕೊಟ್ಟೆ. ಮತ್ತೆ ಕೇಳಿತು. ಬಾಗಿಲು ತೆರೆದು ಮುಖ ನೋಡಿ ಬಾಗಿಲು ಹಾಕಿಕೊಳ್ಳುವವರ ಹಾಗೆ ಅದು ಮತ್ತೆ ಮತ್ತೆ ಹಾಗೇ ಮಾಡಿತು.

ನಾಗವೇಣಿಯನ್ನು ಕೇಳೋಣವೆಂದರೆ ಅವಳು ಆ ಪರದೆಯ ಒಳಗೆ. ಕೂಗಲು ನನಗೆ ಮೊದಲೇ ದನಿ ಇಲ್ಲ, ಈಗ ಯಾರಿಗೂ ಇಲ್ಲ. ಎಡಗೈಯಿಂದ ಮೇಜು ಬಡಿದೆ. ಯಾಕೆ ಬಡಿದೆನೋ ತಿಳಿಯದು, ಯಾರನ್ನು ಕರೆಯಲೆಂದೂ ಅಲ್ಲ. ಕೈ ಕೆಂಪಾಗುವವರೆಗೆ ಬಡಿದೆ.

ನೀಲಾ ಬಂದಳು. ಪರದೆ ನೋಡಿದಳು, ನನ್ನ ಮುಖ ನೋಡಿದಳು. "ನಾನು ಹೇಳಿರ್ಲಿಲ್ವಾ" ಎಂಬ ಅವಳ ನೋಟಕ್ಕೆ ಕಾದೆ. ಅವಳು ಹಾಗೆ ನೋಡಲಿಲ್ಲ. ನನ್ನ ಎಡಗೈ ಹಿಡಿದು, ಅಂಗೈ ಬಿಡಿಸಿ, ಬೆರಳಲ್ಲಿ ಬರೆದಳು: ಯಾರನ್ನ ಕೇಳ್ಲಿ?

ಕಾಯಿಲೆ ಬಿದ್ದಂದಿನಿಂದ ಅವಳು ನನ್ನ ಅಂಗೈ ಮೇಲೆ ಬರೆದಿರಲಿಲ್ಲ. ಮೊದಲೆಲ್ಲ ಬರೆಯುತ್ತಿದ್ದದ್ದು ಬಲಗೈ ಮೇಲೆ. ಎಡಗೈಯ ಚರ್ಮಕ್ಕೆ ಆ ಬೆರಳು ಹೊಸತು. ಅವಳ ಅಂಗೈ ಮೇಲೆ ನಾನು ನಾಗವೇಣಿಯ ಹೆಸರು ಬರೆದೆ.

ಅವಳು ಅಡುಗೆಮನೆಗೆ ಹೋಗಿ ತನ್ನ ಕಂಪ್ಯೂಟರಿನಲ್ಲಿ ನಾಗವೇಣಿಯನ್ನು ಕರೆದಳು. ವಾಪಸ್ಸು ಬಂದು, ನನ್ನ ಕಿರುಬೆರಳನ್ನು ಕಂಟ್ರೋಲ್ ಕೀಲಿಯ ಮೇಲೂ ಹೆಬ್ಬೆರಳನ್ನು ಆಲ್ಟ್ ಮೇಲೂ ಇಟ್ಟು, ತೋರುಬೆರಳನ್ನು ಮೇಲಿನ ಸಾಲಿನ ಎಫ್-ಎರಡರ ಮೇಲೆ ತಾನೇ ಒತ್ತಿದಳು. ಚಿತ್ರಗಳೆಲ್ಲ ಹೋಗಿ, ಕಪ್ಪು ಪರದೆಯಲ್ಲಿ ಬರೀ ಬಿಳಿ ಅಕ್ಷರಗಳು ಬಂದವು. ಅಲ್ಲಿಂದ ನನಗೆ ಒಳಗೆ ಹೋಗಲು ಆಯಿತು. ಆಮೇಲೆ ಅವಳು ಹೋಗುವುದು, ಬರುವುದು, ನನ್ನ ಅಂಗೈ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗೀಚುವುದು, ನಾನು ಅದನ್ನು ಒತ್ತುವುದು. ಅವಳಿಗೆ ಆ ಪದಗಳ ಅರ್ಥ ತಿಳಿಯದು, ನನಗೂ ಅಷ್ಟಕ್ಕಷ್ಟೆ. ನಡುವೆ ಒಲೆಯ ಮೇಲಿನ ಸಾರು ಉಕ್ಕಿತು. ಅವಳು ಅದನ್ನು ಇಳಿಸಿ ಬಂದಳು, ಬೆರಳಿಗೆ ಹುಣಸೆಯ ವಾಸನೆ ಹತ್ತಿತ್ತು. ಫೈಲಿನ ಕೊನೆಯ ಸಾಲು ಕಂಡಾಗ ಅದನ್ನು ನೋಡಿಕೊಂಡು ಹೋಗಿ ನಾಗವೇಣಿಗೆ ಬರೆದಳು. ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ಉತ್ತರ ಬಂತು. ಆ ಅಕ್ಷರವನ್ನು ಅವಳು ನನ್ನ ಅಂಗೈಯಲ್ಲಿ ಎರಡು ಸಲ ಬರೆದಳು, ಮೊದಲ ಸಲ ನಾನು ತಪ್ಪು ತಿಳಿದೆನೆಂದು.

ಮತ್ತೆ ಹೆಸರು ಕೊಟ್ಟೆ. ಪರದೆ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಪಟ್ಟಿ ಇಲ್ಲ, ಗುಂಡಿ ಇಲ್ಲ, ಚಿತ್ರ ಇಲ್ಲ. ಕೆಟ್ಟೇಹೋಯಿತೆಂದು ನಾನು ಕೈ ಹಿಂದೆಗೆದೆ. ನೀಲಾ ಓಡಿಹೋಗಿ ಕೇಳಿಕೊಂಡು ಬಂದು, ಹೆಬ್ಬೆರಳನ್ನು ಆಲ್ಟ್ ಮೇಲೆ, ಕಿರುಬೆರಳನ್ನು ಎ ಮೇಲೆ ಇರಿಸಿದಳು. ಒಂದು ವಿಂಡೋ ತೆರೆದು ಪರದೆಯ ಅಂಚಿನಿಂದ ಅಂಚಿಗೆ ತುಂಬಿಕೊಂಡಿತು. "ಬಂದ್ರಾ?" ಎಂದು ಅದರಲ್ಲಿ ನಾಗವೇಣಿ ಕೇಳುತ್ತಿದ್ದಳು. ನೀಲಾ ಓದಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಪರದೆ ಎರಡು ಪಾಲಾಯಿತು. ನಾಗವೇಣಿ ಎಡಕ್ಕೆ ಸರಿದು ಜಾಗ ಬಿಟ್ಟಳು. ಬಲಗಡೆ ನೀಲಾ ಇದ್ದಳು. "ಊಟಕ್ಕೆ ಇಡ್ಲಾ?" ಎಂದು ಬರೆದಿದ್ದಳು.

ಅಲ್ಲಿಂದ ನನಗೆ ಒಳ್ಳೆಯ ದಿನಗಳು. ಯಾರು ಬಂದರೂ ಪಕ್ಕದಲ್ಲಿ ಕೂರುತ್ತಿದ್ದರು. ನಾನು ಬರೆಯುತ್ತಿದ್ದ ಸಾಲನ್ನು ಯಾರೂ ಕಸಿದುಕೊಳ್ಳುತ್ತಿರಲಿಲ್ಲ. ಚನ್ನವೀರನನ್ನು ನಾನೇ ಕರೆದೆ. "ಮನಸ್ಸಿಲ್ಲದೆ ಅಲ್ಲ, ಕೈ ಇಲ್ಲದೆ" ಎಂದು ಬರೆದೆ. ಅವನು ಅಂಗಡಿಯ ಸುದ್ದಿಯೆಲ್ಲ ಹೇಳಿದ: ಯಾವ ಬಣ್ಣ ಹೋಗುತ್ತಿದೆ, ಯಾವ ಅಂಚಿನ ಸೀರೆ ಹಾಗೇ ಕೂತಿದೆ, ನನ್ನ ಗಾದಿಯಲ್ಲಿ ಈಗ ಯಾರು. ನನ್ನ ಗಾದಿಯಲ್ಲಿ ಬೇರೆಯವರು ಕೂತದ್ದು ಅವನಿಂದಲೇ ತಿಳಿಯಿತು.

ನೀಲಾಳ ಕಿಟಕಿ ದಿನವೂ ಇರುತ್ತಿತ್ತು. ಒಂದು ಸಂಜೆ ನಾನು ಕ್ಷಮೆ ಕೇಳಿದೆ, ನಿನ್ನ ಮಾತು ಬೇಡ ಎಂದದ್ದಕ್ಕೆ. ಅವಳು ಬರೆದಳು: "ನಿಮ್ಮ ಪರವಾಗಿ ಮಾತಾಡಿ ಮಾತಾಡಿ, ನನ್ನ ಮಾತು ಯಾವುದು ಅಂತ ನನಗೇ ಮರ್ತುಹೋಗಿದೆ ರೀ. ನನ್ನನ್ನ ಹೆಂಗಿದೀಯ ಅಂತ ಯಾರೂ ಕೇಳಲ್ಲ. ನಿಮ್ಮನ್ನ ಕೇಳೋಕೆ ನನ್ನ ಹತ್ರ ಬರ್ತಾರೆ ಅಷ್ಟೆ." ಗೋಡೆಯ ಆಚೆ ಪಾತ್ರೆಯ ಸದ್ದು ನಿಂತಿತ್ತು. "ಹೆಂಗಿದೀಯ?" ಎಂದು ಬರೆದೆ. "ಸುಸ್ತಾಗಿದೆ" ಎಂದು ಬಂತು.

ಸೋನೆ ಆ ವರ್ಷ ಬೇಗ ಹಿಡಿಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಬೀದಿಯಲ್ಲಿ ಯಾರೋ ಯಾರನ್ನೋ ಬೈಯುವುದು ಕೇಳಿಸಿತು. ಆಮೇಲೆ ಒಂದು ಮನೆಯಿಂದ ನಗು, ಇನ್ನೊಂದರಿಂದ ಕರೆ, ಹಾಗೇ ಊರೆಲ್ಲ ಗಲಗಲ. ನೀಲಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಬೀದಿಗೆ ಓಡಿದಳು. ಅವಳ ದನಿ ಕೇಳಿಸಿತು, ಒಡೆದು, ಗಟ್ಟಿಯಾಗಿ. ನಾನು ಕಂಪ್ಯೂಟರ್ ಮುಂದೆ ಕೂತೆ. ಜನ ಒಬ್ಬೊಬ್ಬರಾಗಿ ತಮ್ಮ ವಿಂಡೋ ಮುಚ್ಚುತ್ತಿದ್ದರು. ಒಂದು ಮುಚ್ಚಿದಂತೆ ಉಳಿದವು ಹಿಗ್ಗುತ್ತಿದ್ದವು. ಸರೋಜಮ್ಮ ಹೋದಳು. ನೀಲಾ ಮಧ್ಯಾಹ್ನ ಒಳಗೆ ಬಂದವಳು ತನ್ನದನ್ನು ಆರಿಸಿ ಬಟ್ಟೆ ಹೊದಿಸಿದಳು. ನಾಗವೇಣಿ "ಇನ್ನು ಮುಂದಿನ ವರ್ಷ" ಎಂದು ಬರೆದು ಹೋದಳು. ಆ ವಾರ ಅವಳು ಗೆಳತಿಯೊಬ್ಬಳ ಜೊತೆ ಎಡೆಬಿಡದೆ ಮಾತಾಡುತ್ತಾ ನಮ್ಮ ಮನೆಯ ಮುಂದೆಯೇ ಹಾದುಹೋದದ್ದನ್ನು ಜಗುಲಿಯಿಂದ ನೋಡಿದೆ. ಕೈ ಎತ್ತಿದೆ. ಅವಳು ಮಾತಿನ ನಡುವೆ ಇದ್ದಳು. ಕೊನೆಗೆ ಉಳಿದದ್ದು ಚನ್ನವೀರನ ವಿಂಡೋ, ಮುಚ್ಚಲು ಅವನು ಮರೆತಿದ್ದ. ಯಾರೂ ಇಲ್ಲದ ಆ ಒಂದೇ ಕಿಟಕಿ ಪರದೆಯ ಅಂಚಿನಿಂದ ಅಂಚಿನವರೆಗೆ ತುಂಬಿಕೊಂಡು ಕೆಲವು ದಿನ ಹಾಗೇ ಇತ್ತು. ನೀಲಾ ಬಟ್ಟೆ ಹಿಡಿದು ಬಂದಾಗ ನಾನು ಅದರ ತುದಿ ಹಿಡಿದುಕೊಂಡೆ. ಅವಳು ಎಳೆಯಲಿಲ್ಲ. ಬಟ್ಟೆಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಹೋದಳು.

ಒಂದು ಭಾನುವಾರ ಚನ್ನವೀರ ಬಂದ. ಜಗುಲಿಯಲ್ಲಿ ಕೊಡೆ ಒರಗಿಸಿ, ಒಳಗೆ ಬಂದು ನನ್ನ ಎದುರು ಕೂತು, ನೀಲಾಳ ಕಡೆ ತಿರುಗಿದ.

"ಹೆಂಗಿದಾರೆ ಅತ್ತಿಗೆ ಅಣ್ಣ? ನಿದ್ದೆ ಗಿದ್ದೆ ಬರ್ತಿದೆಯಾ?"

ನೀಲಾ ಬಾಯಿ ತೆರೆದಳು. ಉತ್ತರ ಅವಳ ನಾಲಗೆಯ ಮೇಲೇ ಇತ್ತು, ನನಗೆ ಕಾಣುತ್ತಿತ್ತು. ಅವಳು ಅದನ್ನು ನುಂಗಿಕೊಂಡಳು.

"ಇಲ್ಲೇ ಕೂತಿದಾರಲ್ಲ ಚನ್ನವೀರ. ಅವರನ್ನೇ ಕೇಳು."

ಅವನು ಪೆಚ್ಚಾಗಿ ನಕ್ಕು ನನ್ನ ಕಡೆ ತಿರುಗಿದ. "ಹೆಂಗಿದೀಯ ಅಣ್ಣ?" ಎಂದು ಕಿವುಡರನ್ನು ಕೇಳುವಂತೆ ಕೂಗಿದ. ನೀಲಾ ಅವನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದು, ಪರದೆ ಕಾಣುವಂತೆ ಕೂರಿಸಿದಳು. ನಾನು ಬರೆಯಲು ಶುರು ಮಾಡಿದೆ. "ನಿದ್ದೆ ಬರಲ್ಲ" ಎಂದು ಮೊದಲು ಬರೆದೆ. "ಹೌದಾ" ಎಂದ ಅವನು, ನೀಲಾಳನ್ನು ನೋಡಿದ. ಅವಳು ನೋಡುತ್ತಿದ್ದದ್ದು ಪರದೆಯನ್ನು. ನಾನು ಮುಂದುವರಿಸಿದೆ. ಅಂಗಡಿಯಲ್ಲಿ ಬಿದ್ದ ದಿನದ ಬಗ್ಗೆ ಬರೆಯಬೇಕೆನಿಸಿತು. ಮೂಕಗಾಲದಲ್ಲೂ ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಂದಕ್ಷರ, ಇನ್ನೊಂದಕ್ಷರ. ಚನ್ನವೀರ ಕಾಲು ಬದಲಿಸಿದ. ಮಳೆ ನಿಂತಿದೆಯೇ ಎಂದು ಬಾಗಿಲ ಕಡೆ ನೋಡಿದ. ನಾನು ಬರೆಯುತ್ತಿದ್ದ ಪದವನ್ನು ಊಹಿಸಿ ಎರಡು ಸಲ ತಾನೇ ಹೇಳಿದ. ಎರಡು ಸಲವೂ ಅದು ಬೇರೆ ಪದವಾಗಿತ್ತು. ನೀಲಾ ಒಂದು ಪದವನ್ನೂ ಹೇಳಿಕೊಡಲಿಲ್ಲ.

"ಅಣ್ಣ, ಇನ್ನೊಂದ್ಸಲ ನಿಧಾನವಾಗಿ ಬರ್ತೀನಿ. ಮನೇಲಿ ಕಾಯ್ತಿರ್ತಾರೆ," ಎಂದು ಅವನು ಎದ್ದ. ಕೆಟ್ಟವನಲ್ಲ. ಮಾತು ಬರುವವರಿಗೆ ಅಷ್ಟು ಹೊತ್ತು ಕಾಯುವುದು ಕಷ್ಟ. ನೀಲಾ ಅವನನ್ನು ಬಾಗಿಲವರೆಗೆ ಕಳಿಸಿ ಬಂದಳು. ಕೊಡೆ ಬಿಚ್ಚಿದ ಸದ್ದಾಯಿತು.

ನಾನು ಕೈ ನಿಲ್ಲಿಸಿರಲಿಲ್ಲ. ಅರ್ಧವಾಗಿದ್ದ ಸಾಲು ಪೂರ್ತಿಯಾಗುವವರೆಗೆ ಒತ್ತುತ್ತಲೇ ಇದ್ದೆ. "ಬಿದ್ದಾಗ ನನಗೆ ಎಲ್ಲ ಕೇಳಿಸ್ತಿತ್ತು. ಮುಗೀತು, ಸೀರೆ ತೆಗೀರಿ, ಕೊಳೆಯಾಗುತ್ತೆ ಅಂದ್ರು ಯಾರೋ. ಇದೀನಿ ಅಂತ ಹೇಳೋಕೆ ಹೋದೆ."

ನೀಲಾ ಚನ್ನವೀರ ಕೂತಿದ್ದ ಕುರ್ಚಿಯಲ್ಲಿ ಕೂತು, ಅದನ್ನು ತುಟಿ ಅಲ್ಲಾಡಿಸುತ್ತಾ ಓದಿದಳು. ಓದಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆಮೇಲೆ?" ಎಂದಳು.